ಜ್ವರದ ದಿನ ನಿಂತ ಸಂದೇಶ

ರಾಮನಗರದಲ್ಲಿ, ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ, ರೇಷ್ಮೆ ಹುಳ ಸಾಕುವವರ ಫೋನಿಗೆ ಸೊಪ್ಪು ಹಾಕುವ ಹೊತ್ತು ನೆನಪಿಸುವ ಸಂದೇಶ ಕಳಿಸುವ ಸಾಫ್ಟ್‌ವೇರ್ ಬರೆಯುವವರು ನಾವು ಮೂವರು. ಕಂಪ್ಯೂಟರ್ ಭಾಷೆಯ ವಿಷಯದಲ್ಲಿ ಮೂವರಿಗೂ ಮೂರು ಹಟ. ನನಗೆ ಜಾವಾ ಬೇಕು, ಎದುರು ಮೇಜಿನವನಿಗೆ ಕಾಟ್ಲಿನ್, ಕೊನೆಗೆ ಬಂದು ಸೇರಿದ ಗೆಳತಿಗೆ ಸ್ಕಾಲಾ. ಜಗಳವಾಡಿದ್ದೇ ದಂಡ. ಯಾವ ಭಾಷೆಯಲ್ಲಿ ಬರೆದರೂ ಎಲ್ಲವೂ ಕೊನೆಗೆ ಒಂದೇ ರೂಪಕ್ಕೆ ಇಳಿದು, ಒಂದೇ ವರ್ಚುವಲ್ ಮಷೀನಿನ ಮೇಲೆ ಓಡುತ್ತದೆ.

ನಮ್ಮ ಸಂದೇಶವನ್ನು ಮೊಟ್ಟಮೊದಲು ನಂಬಿದವಳು ಗುಡೇಮಾರನಹಳ್ಳಿಯ ನನ್ನ ಚಿಕ್ಕವ್ವ, ಅಮ್ಮನ ತಂಗಿ. ನಾನು ಹೈಸ್ಕೂಲು ಮುಗಿಸಿದ್ದು ಅವಳ ಮನೆಯಲ್ಲಿ, ಅವಳ ಹುಳಕ್ಕೆ ಸೊಪ್ಪು ಹಾಕುತ್ತಲೇ. ನಂಬಿದಷ್ಟೇ ಬಯ್ಯುವುದಕ್ಕೂ ಅವಳೇ ಮೊದಲು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಒಂದು ದಿನ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಹುಳದ ಮನೆಯಲ್ಲಿ ಜೋರಾಗಿ ಮಾತಾಡಿದರೂ ಚಿಕ್ಕವ್ವನಿಗೆ ಸಿಟ್ಟು.

"ಹುಳ ಜ್ವರುಕ್ಕೆ ಕೂತಿದ್ರೂ ನಿನ್ ಫೋನು ಸೊಪ್ಪಾಕು ಸೊಪ್ಪಾಕು ಅಂತ ಬಡ್ಕೊತ್ತದೆ ಕಣವ್ವ. ಒಸಿ ಸುಮ್ಕಿರಕ್ಕೇಳು ಅದುಕ್ಕೆ," ಅಂದಳು.

ಸುಮ್ಮನಿರಿಸಿದೆ. ಪ್ರತಿ ಕಡೆ ಹೋಗಿ ತಿದ್ದುವ ಬದಲು ಆಸ್ಪೆಕ್ಟ್ ಅನ್ನುವುದನ್ನು ಬರೆದೆ. ಮದುವೆ ಮನೆಯಲ್ಲಿ ಅಡುಗೆಯವರು ಎಷ್ಟೇ ಜನರಿದ್ದರೂ ಉಪ್ಪು ಹಾಕುವ ಕೈ ಒಂದೇ ಆದ ಹಾಗೆ ಅದು. ನಿಯಮವನ್ನು ಒಂದೇ ಜಾಗದಲ್ಲಿ ಬರೆದರೆ ಸಾಕು, ಮಷೀನು ತಾನೇ ಅದನ್ನು ಎಲ್ಲರ ಬರಹದೊಳಕ್ಕೂ ಹೊಲಿದುಬಿಡುತ್ತದೆ. ನನ್ನ ನಿಯಮ ಇಷ್ಟೇ: ಹೆಸರು 'ತಿಳಿಸು' ಎಂದು ಶುರುವಾಗುವ ಯಾವುದೇ ಕೆಲಸ ನಡೆಯುವ ಮುಂಚೆ ನೋಡು, ಆ ಮನೆಯ ಹುಳ ಜ್ವರದಲ್ಲಿದ್ದರೆ ಸಂದೇಶ ಬಿಡಬೇಡ. ಹನ್ನೊಂದು ಸಾಲು. ಜಾವಾದಲ್ಲಿ ಬರೆದದ್ದು ಕಾಟ್ಲಿನ್‌ನಲ್ಲೂ ಕೆಲಸ ಮಾಡಿತು. ಎಷ್ಟು ಬೀಗಿದೆ ಅಂದರೆ, ಎದುರು ಮೇಜಿನವನಿಗೆ ಅವತ್ತು ಟೀ ನಾನೇ ಕೊಡಿಸಿದೆ.

ಮುಂದಿನ ವರ್ಷ ಸ್ಕಾಲಾದ ಗೆಳತಿ ಹೊಸದೊಂದು ಭಾಗ ಬರೆದಳು. ಯಾರಾದರೂ ತೋಟಕ್ಕೆ ಕೀಟನಾಶಕ ಹೊಡೆದರೆ, ಅಕ್ಕಪಕ್ಕದ ಹಿಪ್ಪುನೇರಳೆ ತೋಟದವರಿಗೆ 'ಸೊಪ್ಪು ಕುಯ್ಯಬೇಡಿ' ಎಂಬ ಎಚ್ಚರಿಕೆ ಹೋಗಬೇಕು. ನಮ್ಮ ಆಫೀಸಿನ ಪದ್ಧತಿಯಂತೆ ಅದಕ್ಕೂ 'ತಿಳಿಸು' ಎಂದು ಶುರುವಾಗುವ ಹೆಸರನ್ನೇ ಇಟ್ಟಳು. ಆ ಪದ್ಧತಿ ಮಾಡಿದವಳೂ ನಾನೇ. ನನ್ನ ಜ್ವರದ ನಿಯಮ ಆ ಎಚ್ಚರಿಕೆಯನ್ನೂ ಹಿಡಿಯಿತು; ಪಾಯಸಕ್ಕೂ ಉಪ್ಪು ಬಿತ್ತು, ಯಾರೂ ರುಚಿ ನೋಡಲಿಲ್ಲ.

ಚಿಕ್ಕವ್ವನ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದ ದಿನ ಪಕ್ಕದ ಟೊಮ್ಯಾಟೊ ತೋಟದವನು ಔಷಧಿ ಹೊಡೆದ. ಹೊಡೆದದ್ದನ್ನು ಪಾಪ ಫೋನಿನಲ್ಲಿ ಒತ್ತಿ ತಿಳಿಸಿಯೂ ಇದ್ದ. ಎಚ್ಚರಿಕೆ ಚಿಕ್ಕವ್ವನ ಹೆಸರಿನವರೆಗೆ ಬಂದು ನಿಂತುಹೋಯಿತು. ಮಾರನೆಯ ದಿನ ಅವಳು ಕೆಂಪಾಪುರದ ಸಾವಿನ ಮನೆಗೆ ಹೋಗಿ ಬರುವಷ್ಟರಲ್ಲಿ ಹುಳ ಜ್ವರದಿಂದ ಎದ್ದು ಹಸಿದಿದ್ದವು. ಮೀಯುವುದಕ್ಕೂ ನಿಲ್ಲದೆ, ಬರೀ ಕೈಕಾಲು ತೊಳೆದುಕೊಂಡು ಸೊಪ್ಪು ಕುಯ್ದು ತಂದು ಹಾಕಿದಳು. ಸಂಜೆಯೊಳಗೆ ಹುಳಗಳೆಲ್ಲ ಹಸಿರು ನೀರು ಕಾರಿ, ತಲೆ ಹೊರಳಿಸುತ್ತ ಸತ್ತವು.

ಸುದ್ದಿ ಕೇಳಿದ ಕೂಡಲೇ, ಮಷೀನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ತೆಗೆದು ನೋಡಿದೆ. ಒಂದು ಸಾಲು ಇತ್ತು: ಜ್ವರ, ಸಂದೇಶ ತಡೆಯಲಾಗಿದೆ. ನಿಯಮವನ್ನು ಅಲ್ಲೇ ತಿದ್ದಿ, ಗೆಳತಿಗೆ ತಪ್ಪು ನನ್ನದೆಂದು ಹೇಳಿ, ಊರಿಗೆ ಹೊರಟೆ. ಚಿಕ್ಕವ್ವನಿಗೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಹುಳದ ಮನೆಯ ಬಾಗಿಲಲ್ಲಿ ಕೂತಿದ್ದಳು. ಔಷಧಿ ಏಟೇ ಇರಬೇಕೆಂದು ನೆರೆಯವರು ಹೇಳಿದ್ದರಂತೆ.

"ಔಷ್ದಿ ಹೊಡೆದಿದ್ರೆ ಫೋನ್ ಬತ್ತಿರ್ನಿಲ್ವಾ? ನಮ್ ಮಗೀನ್ ಫೋನು ಸುಳ್ಳಾಡಕ್ಕಿಲ್ಲ ಅಂದೆ. ಸೂತಕದಾಗೆ ಮೀಯ್ದೆ ಒಳಿಕೆ ಹೋದ್ನಲ್ಲ, ಅದೇಯ ಆಗಿದ್ದು. ನನ್ ಕೈಯಾರೆ ಕೊಂದ್ಬುಟ್ಟೆ ಕಣವ್ವ."

ಊರಿಗೇ ಮಾತು ಹೇಳುವ ಯಂತ್ರ ಮಾಡಿದವಳು ನಾನು, ಕೊಟ್ಟ ಕಾಫಿ ಕುಡಿದು, ಜೋಡಿಸಿಕೊಂಡಿದ್ದ ಮಾತನ್ನು ಹಾಗೇ ಹೊತ್ತು ಬಸ್ಸು ಹತ್ತಿದೆ. ಆಮೇಲೆ ಅವಳು ಹುಳ ಸಾಕಲಿಲ್ಲ. ಇನ್ನೊಬ್ಬರ ಹುಳದ ಮನೆಗೂ ಹೋಗುತ್ತಿರಲಿಲ್ಲ. ಸೊಪ್ಪು ಹಾಕಲು ಕರೆದರೆ, ತನ್ನ ಕೈ ಒಳ್ಳೆಯದಲ್ಲ ಅನ್ನುತ್ತಿದ್ದಳು. ಪ್ರತಿ ಹಬ್ಬಕ್ಕೆ ಹೋದಾಗಲೂ ಇವತ್ತು ಹೇಳುತ್ತೇನೆ ಅಂದುಕೊಂಡು, ಹೇಳದೆ ಬಂದೆ. ಹೆದರಿಕೆ ನನಗೆ. ಅವಳ ಕಣ್ಣಲ್ಲಿ ಸಣ್ಣವಳಾಗಿಬಿಡುತ್ತೇನೆಂಬ ಹೆದರಿಕೆ.

ಹೋದ ಮಳೆಗಾಲ ಅವಳಿಗೆ ಉಸಿರಾಟ ಕೆಟ್ಟು ಆಸ್ಪತ್ರೆಗೆ ಸೇರಿಸಿದೆವು. ನಾನು ಪಕ್ಕದಲ್ಲಿ ಕೂತು ಕಿತ್ತಲೆ ಸುಲಿಯುತ್ತಿದ್ದೆ.

"ಅವತ್ತು ಮಿಂದಿದ್ರೆ ಬದುಕ್ತಿದ್ವು ಅಲ್ವೇನವ್ವ?" ಅಂದಳು.

ವಾರ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬುಡು ಚಿಕ್ಕವ್ವ, ಈಗ್ಯಾಕೆ ಅದು," ಅಂದೆ.

ಹೂಂ ಅಂದು ಕಣ್ಣು ಮುಚ್ಚಿಕೊಂಡಳು. ಎರಡು ದಿನದ ಮೇಲೆ ಹೋದಳು.

ಮಣ್ಣು ಮುಗಿಸಿ ಬಂದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಹುಳದ ಮನೆಯ ಹತ್ತಿರ ಹೋದೆ. ಒಳಗೆ ಹುಳ ಸಾಕುತ್ತಿದ್ದ ಖಾಲಿ ತಟ್ಟೆಗಳಷ್ಟೇ ಇದ್ದವು. ನಾನು ಮಿಂದಿದ್ದೆ. ಆದರೂ ಹೊಸ್ತಿಲು ದಾಟಲು ನನ್ನಿಂದಾಗಲಿಲ್ಲ.