ಹೊಸ್ತಿಲು ದಾಟಿದ ಚಪ್ಪಲಿ

ಕಳೆದ ಭಾನುವಾರ ನಮ್ಮ ಗಿರಿಜಕ್ಕ ತಿನ್ನುತ್ತಿದ್ದ ಮಂಡಕ್ಕಿ ತಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತುಬಿಟ್ಟರು. ಹಾವು ಕಂಡಿತೇ? ಇಲ್ಲ. ಗ್ಯಾಸ್ ಲೀಕ್ ಆಯಿತೇ? ಅದೂ ಇಲ್ಲ. ಅವರ ಕಣ್ಣಿಗೆ ಬಿದ್ದದ್ದು ನಮ್ಮ ಅತ್ತೆಯ ಕಾಲು. ಅತ್ತೆ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದರು. ಕಾಲಲ್ಲಿ ಚಪ್ಪಲಿ ಇತ್ತು.

(ಗಿರಿಜಕ್ಕ ಅಂದರೆ ನನ್ನ ಗಂಡನ ಅಕ್ಕ. ಇರುವುದು ಗುತ್ತಲದಲ್ಲಿ. ಹಾವೇರಿಗೆ ಯಾವ ಕೆಲಸಕ್ಕೆ ಬಂದರೂ ನಮ್ಮ ಮನೆಗೆ ಬರುತ್ತಾರೆ. ಬಂದರೆ ಒಂದಾದರೂ ತಪ್ಪು ಹುಡುಕದೆ ವಾಪಸ್ ಬಸ್ ಹತ್ತುವುದಿಲ್ಲ.)

"ಅವ್ವಾ, ಕಾಲಾಗ ಏನವು?"

"ಚಪ್ಪಲ್." ಟೈಮ್ ಎಷ್ಟು ಅಂತ ಕೇಳಿದವರಿಗೆ ಹೇಳುವಷ್ಟೇ ಆರಾಮಾಗಿ ಹೇಳಿದರು ಅತ್ತೆ.

"ಒಲಿ ಮುಂದ? ಜಗಲಿ ಮ್ಯಾಲ ದೇವ್ರು ಕುಂತಾನ, ಅವನ ಮುಂದ?"

"ಹ್ಞೂಂ."

ಗಿರಿಜಕ್ಕ ನನ್ನ ಕಡೆ ತಿರುಗಿದರು. "ಇದೆಲ್ಲಾ ನಿಂದ ಕಾರಭಾರ, ಶೈಲಾ. ನಿನಗ ಚಪ್ಪಲ್ ಹುಚ್ಚು ಐತಿ ಅಂತ ನಮಗ ಮೊದಲ ಗೊತ್ತಿತ್ತು. ಈಗ ನಮ್ಮವ್ವಗೂ ಹಚ್ಚೀದಿ."

ಅವರು ಇಷ್ಟು ಹೇಳುವ ಹೊತ್ತಿಗೆ ಅವರ ಎರಡು ವರ್ಷದ ಮೊಮ್ಮಗಳು ನಮ್ಮ ಹಾಲ್‌ನಿಂದ ಅಡುಗೆಮನೆಗೂ ಅಡುಗೆಮನೆಯಿಂದ ಹಾಲ್‌ಗೂ ಮೂರು ಟ್ರಿಪ್ ಹೊಡೆದಿದ್ದಳು. ಅವಳ ಕಾಲಲ್ಲಿ ಹೆಜ್ಜೆ ಇಟ್ಟರೆ ಪೀಂ ಅನ್ನುವ, ಹಿಮ್ಮಡಿಯಲ್ಲಿ ಕೆಂಪು ಲೈಟು ಹತ್ತುವ ಬೂಟು. ಬಸ್ ಸ್ಟ್ಯಾಂಡಿನ ನೆಲ ತುಳಿದು ನೇರ ನಮ್ಮ ದೇವರ ಜಗಲಿಯ ತನಕ ಬಂದ ಬೂಟು. ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಗಿರಿಜಕ್ಕ ಎಲ್ಲರಿಗಿಂತ ಜೋರಾಗಿ. ಸಿಲಿಂಡರ್ ತರುವವನು ಚಪ್ಪಲಿ ಸಮೇತ ಒಲೆಯ ಬುಡಕ್ಕೇ ಬರುತ್ತಾನೆ. ಆಗಲೂ ಯಾರೂ ತಟ್ಟೆ ಬಿಟ್ಟು ಏಳುವುದಿಲ್ಲ. ಮನೆಯ ಹಿರಿಯಳು ಹಾಕಿಕೊಂಡರೆ ಮಾತ್ರ ಮನೆ ಮೈಲಿಗೆ. ಇದ್ಯಾವ ನ್ಯಾಯ?

ನನಗೆ ಸಿಟ್ಟು ಬಂತು. ಬರೆಯುತ್ತಾ ಕೂತಿರುವ ಈಗಲೂ ಇಳಿದಿಲ್ಲ.

ಮೊದಲು ನನ್ನ ಹುಚ್ಚಿನ ವಿಷಯ ಒಪ್ಪಿಕೊಂಡುಬಿಡುತ್ತೇನೆ. ಹೌದು, ನನಗೆ ಚಪ್ಪಲಿ ಅಂದರೆ ಜೀವ. ಕೆಲವರಿಗೆ ಬಂಗಾರ, ಕೆಲವರಿಗೆ ಸೀರೆ, ನನಗೆ ಇದು. ಬ್ಯಾಡಗಿಯ ಹೈಸ್ಕೂಲಿನಲ್ಲಿ ಟೀಚರ್ ನಾನು. ದಿನಾ ಹಾವೇರಿಯಿಂದ ಬಸ್ಸು. ಮೆಣಸಿನಕಾಯಿ ಸೀಸನ್ನಿನಲ್ಲಿ ಮಾರ್ಕೆಟ್ ದಾಟುವಾಗ ಸೀನಿ ಸೀನಿ ಕಣ್ಣು ಕೆಂಪಾಗಿರುತ್ತದೆ, ಕೂದಲು ಕೆದರಿರುತ್ತದೆ. ಆದರೆ ಸೀರೆಗೆ ಹೊಂದದ ಚಪ್ಪಲಿ ಹಾಕಿಕೊಂಡು ಸ್ಟಾಫ್ ರೂಮಿಗೆ ಕಾಲಿಟ್ಟವಳಲ್ಲ. ಚಪ್ಪಲಿ ಕೊಳ್ಳಲು ಹೊರಟ ಸಹೋದ್ಯೋಗಿಗಳು ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ. ನಮ್ಮ ಮನೆಯವರು ಮಾತ್ರ ಬಂದವರ ಮುಂದೆಲ್ಲ ಒಂದೇ ಮಾತು ಹೇಳುತ್ತಾರೆ: "ನಮ್ಮನಿ ಬಾಗಲಾ ನೋಡಿದ್ರ ಒಳಗ ಮದುವಿ ನಡದೈತಿ ಅನಸ್ತೈತಿ ನೋಡ್ರಿ."

ನಗಲಿ. ನನ್ನ ಸಂಬಳ, ನನ್ನ ಕಾಲು.

ಆದರೆ ಒಂದು ಮಾತು. ನಾನು ಯಾವುದನ್ನೂ ದಂಡ ಮಾಡುವವಳಲ್ಲ. ಬೇಸರವಾದ ಚಪ್ಪಲಿಯನ್ನು ಬಿಸಾಕುತ್ತಿರಲಿಲ್ಲ. ಒರೆಸಿ, ಬಕಲ್ ಸರಿ ಮಾಡಿ, ಅತ್ತೆಗೆ ಕೊಡುತ್ತಿದ್ದೆ. "ಅತ್ತಿ, ಇನ್ನೂ ಗಟ್ಟಿ ಅದಾವ. ಹಾಕ್ಕೊಳ್ರಿ." ಅವರು ಪ್ರತಿ ಸಲವೂ "ಇರ್ಲಿ ಬಿಡವಾ, ಆಗ್ತಾವ" ಅನ್ನುತ್ತಿದ್ದರು. ನಾನು ಎಷ್ಟು ಒಳ್ಳೆಯ ಸೊಸೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಮಳೆಗಾಲ ಶುರುವಾದ ಹೊಸದರಲ್ಲಿ ಒಂದು ಬೆಳಿಗ್ಗೆ. ಸ್ಕೂಲಿಗೆ ಹೊರಡುವ ಗಡಿಬಿಡಿ. ಹಾಲ್‌ನ ಬಿಳಿ ಟೈಲ್ಸ್ ಮೇಲೆ ಅಲ್ಲಲ್ಲಿ ಕಂದು ಕಲೆ. ಅಡಿಕೆ ಎಲೆ ಹಾಕಿ ಉಗುಳಿದವರಾರು ಅಂತ ಸಿಟ್ಟಿನಿಂದಲೇ ಒರೆಸಲು ಕೂತೆ. ಕಲೆಗಳು ಸಾಲಾಗಿ ಅತ್ತೆಯ ಕೋಣೆಗೆ ಹೋಗಿದ್ದವು. ಅತ್ತೆ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಬಲಗಾಲಿನ ಕಿರುಬೆರಳು ಒಡೆದು ರಸಿಗೆ ಸೋರುತ್ತಿತ್ತು.

"ಅತ್ತಿ, ಇದೇನ್ರಿ ಇದು? ನೋವಿಲ್ಲೇನು?"

ಅವರು ಬಗ್ಗಿ ತಮ್ಮ ಕಾಲನ್ನೇ ಬೇರೆ ಯಾರದೋ ಕಾಲಿನಂತೆ ನೋಡಿದರು. "ಎಲ್ಲೈತಿ? ನಂಗೇನೂ ಆಗವಲ್ದು ನೋಡವಾ."

ಅತ್ತೆಗೆ ಬಹಳ ವರ್ಷಗಳಿಂದ ಶುಗರ್ ಇದೆ. ಕಾಲಿನ ಸ್ಪರ್ಶಜ್ಞಾನವೇ ಹೋಗಿದೆ ಅಂತ ಡಾಕ್ಟರ್ ಹೇಳಿದ ಮೇಲಷ್ಟೇ ನಮಗೆ ಗೊತ್ತಾಯಿತು. ಅವರು ಗಾಯ ತೊಳೆಯುತ್ತಾ ಕೇಳಿದರು, "ಅಜ್ಜೀ, ಕಾಲಿಗೆ ಏನ್ ಹಾಕ್ಕೋತೀರಿ?" ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಯನ್ನು ನಾನೇ ತಂದು ತೋರಿಸಿದೆ. ಕಂದು ಬಣ್ಣದ, ಮುಂದೆ ಚೂಪಾದ, ಸಣ್ಣ ಹೀಲ್‌ನ ಚಪ್ಪಲಿ. ಹೋದ ಯುಗಾದಿಗೆ ನಾನು ಕೊಟ್ಟದ್ದು. ಡಾಕ್ಟರ್ ಅದನ್ನು ಅತ್ತೆಯ ಪಾದದ ಪಕ್ಕ ಇಟ್ಟರು. ಪಾದ ಎರಡೂ ಕಡೆಯಿಂದ ಆಚೆ ಉಳಿಯಿತು.

"ಇವು ಯಾರವು?"

ನಾನು ಚಪ್ಪಲಿಯ ಬಕಲ್ ನೋಡತೊಡಗಿದೆ. ಉತ್ತರ ಅತ್ತೆ ಕೊಟ್ಟರು: "ನನ್ನವರೀ."

ಆ ಒಂದು ಮಾತಿನಲ್ಲಿ ನನ್ನನ್ನು ಉಳಿಸಿದರು. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಹಬ್ಬ ಹುಣ್ಣಿಮೆಗೆಲ್ಲ ಬಗ್ಗಿ ಆ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದೇನೆ. ಒಮ್ಮೆಯಾದರೂ ಕಣ್ಣು ಬಿಟ್ಟು ಅದನ್ನು ನೋಡಿದ್ದೆನೇ?

ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ಎರಡು ವಾರ ನೋಡೋಣ, ಒಣಗದಿದ್ದರೆ ಹುಬ್ಬಳ್ಳಿಗೆ ಹೋಗಬೇಕು, ಬೆರಳು ತೆಗೆಯಬೇಕಾಗಬಹುದು, ಅಲ್ಲಿಗೇ ನಿಲ್ಲುತ್ತದೆ ಅಂತಲೂ ಹೇಳಲಾರೆ ಅಂದರು. ಇನ್ನು ಮೇಲೆ ಒಂದು ಹೆಜ್ಜೆಯೂ ಬರಿಗಾಲಲ್ಲಿ ಇಡಬಾರದು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಬೇಕೇ ಬೇಕು. ಒಂದು ಮುಳ್ಳು ಹೊಕ್ಕರೂ, ಒಂದು ಕೆಂಡ ಬಿದ್ದರೂ ಅಜ್ಜಿಗೆ ತಿಳಿಯುವುದಿಲ್ಲ.

ನಮ್ಮ ಮನೆಯವರು ಅಂದು ಸಂಜೆಯೇ ಅಂದಾಜಿನ ಮೇಲೆ ಚಪ್ಪಲಿ ತಂದರು. ಕಪ್ಪು. ದಪ್ಪ. ಮೇಲೆ ಅಗಲವಾದ ಪಟ್ಟಿ. ಅತ್ತೆ ನೋಡಿದರು, "ಆತು" ಅಂದರು, ಮಂಚದ ಕೆಳಗೆ ತಳ್ಳಿದರು. ಮರುದಿನ ಮತ್ತೆ ಬರಿಗಾಲು. ನಾವು ಕಾಲ ಬಳಿ ಇಡುವುದು, ಅವರು ತಳ್ಳುವುದು. ಬೆರಳು ಕಪ್ಪಾಗತೊಡಗಿತ್ತು.

ದೇವರಿಗೆ ಹೆದರಿಯೇ ಹೀಗೆ ಮಾಡುತ್ತಿದ್ದಾರೆ ಅಂತ ನಾವೆಲ್ಲ ತೀರ್ಮಾನ ಮಾಡಿದೆವು. ನಮ್ಮ ಜಗಲಿ ಇರುವುದೇ ಅಡುಗೆಮನೆಯಲ್ಲಿ. ಬಂಧು ಬಳಗದ ಸಲಹೆಯೂ ಶುರುವಾಯಿತು. ಅರಿಶಿಣ ಮೆತ್ತು ಅಂದವರೊಬ್ಬರು. ಮನೆಯೊಳಗೆ ಚಪ್ಪಲಿ ಬಂದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಅಂದವರು ಇನ್ನೊಬ್ಬರು. ಗಿರಿಜಕ್ಕ ಮಿಸ್ಡ್ ಕಾಲ್ ಕೊಟ್ಟರು. ನಾನು ವಾಪಸ್ ಮಾಡಿದೆ. ನನ್ನದೇ ಕರೆನ್ಸಿಯಲ್ಲಿ ನನ್ನನ್ನು ಬೈದರು: "ಹಿಂದಿನವರು ಏನ್ ಚಪ್ಪಲ್ ಹಾಕ್ಕೊಂಡ ಅಡಗಿ ಮಾಡ್ತಿದ್ರೇನ? ಅವರ ಕಾಲು ಉಳೀಲಿಲ್ಲೇನು?" ಬೆರಳು ಹೇಗಿದೆ ಅಂತ ಮಾತ್ರ ಕೇಳಲಿಲ್ಲ. ತಾಯಿಯ ಬೆರಳಿಗಿಂತ ತಾಯಿಯ ಮಡಿ ಇವರಿಗೆ ಮುಖ್ಯವಾಯಿತಲ್ಲ!

ಕೊನೆಗೆ ನಮ್ಮ ಮನೆಯವರು ಅಯ್ಯನವರನ್ನೇ ಕರೆತಂದರು. ನಮ್ಮ ಮನೆಯ ಪೂಜೆ ಪುನಸ್ಕಾರಕ್ಕೆಲ್ಲ ಬರುವ ಹಿರಿಯರು. ಅವರು ಕಾಲು ನೋಡಿ, ಕಪ್ಪು ಚಪ್ಪಲಿ ನೋಡಿ, "ಕಾಲಿದ್ರ ಪೂಜಿ ಮಾಡ್ತೀಯಬೇ, ಹಾಕ್ಕೋ. ದೇವ್ರು ಏನೂ ಅನ್ನಂಗಿಲ್ಲ" ಅಂದರು. ಅತ್ತೆ ಕೈ ಮುಗಿದರು. ಅವರು ಗೇಟು ದಾಟುತ್ತಲೇ ಚಪ್ಪಲಿ ಮತ್ತೆ ಮಂಚದ ಕೆಳಗೆ.

ದೇವರಿಗೇ ಇಲ್ಲದ ತಕರಾರು ಇವರಿಗೇಕೆ?

ನನ್ನ ತಾಳ್ಮೆ ತಪ್ಪಿತು. ಚಪ್ಪಲಿಯನ್ನು ಎತ್ತಿ ಅವರ ತೊಡೆಯ ಪಕ್ಕ ಮಂಚದ ಮೇಲೇ ಇಟ್ಟೆ. (ಇಡಲಿಲ್ಲ, ಕುಕ್ಕಿದೆ.) "ಅತ್ತಿ, ನಿಮಗ ಕಾಲು ಬೇಕೋ ಬ್ಯಾಡೋ? ಬ್ಯಾಡಂದ್ರ ಇವತ್ತ ಹೇಳ್ರಿ. ನಾ ಇನ್ನ ಬಾಯಿ ಬಡಕೊಳ್ಳಂಗಿಲ್ಲ."

ಅತ್ತೆ ಸೆರಗಿನ ತುದಿಯಿಂದ ಆ ಚಪ್ಪಲಿಯನ್ನು ಒಂದು ಗೇಣು ದೂರ ಸರಿಸಿ ಅಂದರು, "ಎಮ್ಮಿ ಗೊರಸ ಇದ್ದಂಗ ಅದಾವ."

"ಏನಂದ್ರಿ?"

"ಗಂಡಸರವು ಇದ್ದಂಗ ಅದಾವ. ಕರೇವು. ನೀ ಹಾಕ್ಕೋತೀಯೇನು ಇಂಥಾವನ್ನ?"

ನಾನು ಹಾಕಿಕೊಳ್ಳುತ್ತಿದ್ದೆನೇ? ಸತ್ತರೂ ಇಲ್ಲ.

ಆಮೇಲೆ ಅವರೇ ಹೇಳಿದರು. ಬೈಯುವ ಧ್ವನಿ ಅಲ್ಲ, ಸಂತೆಯಲ್ಲಿ ಏನೇನು ಸಿಕ್ಕಿತು ಅಂತ ಹೇಳುವ ಧ್ವನಿ. "ಲಗ್ನ ಆಗಿ ಕುಪ್ಪೇಲೂರಿಗೆ ಬಂದಾಗ ಬರಿಗಾಲು. ಊರಾಗ ಸೊಸೆಂದಿರು ಹಾಕ್ಕೋತಿರಲಿಲ್ಲ. ಮುಂದ ನಿಮ್ಮ ಮಾವ ಬಿಟ್ಟಿದ್ದು ಹಾಕ್ಕೊಂಡ್ನಿ. ಆಮ್ಯಾಲ ಗಿರಿಜಾಂದು. ಆಮ್ಯಾಲ ನಿನ್ನ ಗಂಡ ಕಾಲೇಜಿಗೆ ಹೋಗಾಗಿನ ಹವಾಯಿ. ಈಗ ನಿನ್ನವು. ನಿನ್ನವು ಚೆಂದ ಇರ್ತಾವವಾ. ಬಿಗಿ ಆಗ್ತಿದ್ವು ಖರೇ, ಆದ್ರ ಚೆಂದ ಇರ್ತಾವ ಅಂತ ಹಾಕ್ಕೋತಿದ್ನಿ."

ಅರವತ್ತೆಂಟು ವರ್ಷದ ಹೆಂಗಸು. ಮೂರು ಮಕ್ಕಳ ಬೂಟು, ಸೊಸೆಯ ಹೀಲ್ಸು, ಮೊಮ್ಮಕ್ಕಳ ಪೀಂ ಪೀಂ ಎಲ್ಲ ಕಂಡವರು. ಅವರಿಗೆಂದೇ ಈ ಮನೆಗೆ ಬಂದ ಮೊದಲ ಜೋಡಿ ಅಂದರೆ ಆಸ್ಪತ್ರೆ ಹೇಳಿದ ಆ ಕಪ್ಪು ಜೋಡಿ. ಅದನ್ನೂ ಅವರನ್ನು ಕೇಳಿ ತಂದಿರಲಿಲ್ಲ. ವಯಸ್ಸಾದವರಿಗೆ ಚೆಂದ ಯಾಕೆ ಅಂತ ನಾವೇ ಗೆರೆ ಎಳೆದುಬಿಟ್ಟಿದ್ದೆವು. ಅವರ ಆಸೆಗೆ ನಾವು ಭಕ್ತಿ ಅಂತ ಹೆಸರಿಟ್ಟು, ಅಯ್ಯನವರ ಕೈಯಲ್ಲಿ ಪರಿಹಾರ ಬೇರೆ ಹೇಳಿಸಿದ್ದೆವು. ಎಂಥ ಶಾಣ್ಯಾ ಜನ ನಾವು.

ಮರುದಿನವೇ ಸ್ಕೂಲಿಗೆ ರಜೆ ಹಾಕಿ ರಾಣೆಬೆನ್ನೂರಿಗೆ ಹೋದೆವು. ನಮ್ಮ ಮನೆಯವರು ಕೆಲಸ ಮಾಡುವ ಬೀಜದ ಕಂಪನಿಯ ಹಿಂದಿನ ಓಣಿಯಲ್ಲಿ ಅಳತೆ ತೆಗೆದು ಚಪ್ಪಲಿ ಮಾಡಿಕೊಡುವವರೊಬ್ಬರಿದ್ದಾರೆ. ಮೆತ್ತನೆಯ ರಬ್ಬರ್ ಹಾಕುವುದೂ ಗೊತ್ತು. ಅತ್ತೆ ಸ್ಟೂಲಿನ ಮೇಲೆ ಕೂತರು. ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು.

"ನಂಬರ್ ಎಷ್ಟ್ರೀ?" ಅಂದರು ಚಪ್ಪಲಿ ಮಾಡುವವರು.

ಅತ್ತೆ ನನ್ನ ಮುಖ ನೋಡಿದರು. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಗೋಡೆ ನೋಡಿದರು.

"ಅಡ್ಡಿಲ್ಲ, ಕಾಲು ಇಲ್ಲಿ ಇಡ್ರಿ ಯವ್ವಾ." ರಟ್ಟಿನ ಮೇಲೆ ಪಾದ ಇಡಿಸಿ, ಬ್ಯಾಂಡೇಜಿನ ಬೆರಳಿಗೆ ತಾಗದಂತೆ ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದರು. ಅಳತೆ ಪಟ್ಟಿ ಹಿಡಿದು ನೋಡಿದರು. ಎಂಟು. ನನ್ನದು ಆರು. ಮದುವೆಯಾಗಿ ಬಂದ ಹನ್ನೊಂದು ವರ್ಷವೂ ನಾನು ಆರರ ಚಪ್ಪಲಿಯನ್ನು ಎಂಟರ ಕಾಲಿಗೆ ಕೊಟ್ಟಿದ್ದೆ. ದೊಡ್ಡ ಶೂ ಪಂಡಿತೆ.

"ಬಣ್ಣ ಯಾವುದು ಮಾಡ್ಲಿ? ಕರೇದು ಐತಿ, ಕಂದು ಐತಿ."

ನಾನು ಉತ್ತರ ಹೇಳಲು ಹೋದವಳು ನಾಲಿಗೆ ಕಚ್ಚಿಕೊಂಡೆ. ಅತ್ತೆ ಗೋಡೆಗೆ ನೇತು ಹಾಕಿದ್ದ ಚರ್ಮದ ತುಂಡುಗಳನ್ನೆಲ್ಲ ನಿಧಾನಕ್ಕೆ ನೋಡಿದರು. ಆಮೇಲೆ ಬಹಳ ಸಣ್ಣ ಧ್ವನಿಯಲ್ಲಿ ಕೇಳಿದರು, "ಬದನಿಕಾಯಿ ಬಣ್ಣದ್ದು ಸಿಗಂಗಿಲ್ಲೇನ್ರಿ?"

ಸಿಕ್ಕಿತು. ಎರಡು ಜೋಡಿ ಮಾಡಿಸಿದೆವು, ಒಂದು ಮನೆಯೊಳಗೆ, ಒಂದು ಹೊರಗೆ. ಒಳಗಿನದು ಇವತ್ತಿನವರೆಗೂ ಬೀದಿ ಕಂಡಿಲ್ಲ. ಅದನ್ನು ಹಾಕಿಕೊಳ್ಳಿ ಅಂತ ಯಾರೂ ಅವರಿಗೆ ಎರಡನೇ ಸಲ ಹೇಳಬೇಕಾಗಿಲ್ಲ. ಮತ್ತೆ ಒಂದೂವರೆ ತಿಂಗಳು ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಉಗುರು ಹೋಯಿತು. ಬೆರಳು ಉಳಿಯಿತು.

ಇದನ್ನೆಲ್ಲ ನಾನು ಭಾನುವಾರ ಗಿರಿಜಕ್ಕನಿಗೆ ಹೇಳಿದೆ, ಮೆಲ್ಲಗೆ ಏನೂ ಹೇಳಲಿಲ್ಲ. ನಮ್ಮ ಮನೆಯವರು ಟಿವಿಯ ವಾಲ್ಯೂಮ್ ಏರಿಸಿದರು. ಅತ್ತೆ ಚಹಾ ತಂದು ಮಗಳ ಮುಂದಿಟ್ಟು, ತಮ್ಮ ಬದನೆಕಾಯಿ ಬಣ್ಣದ ಕಾಲುಗಳನ್ನು ಮುಚ್ಚಿಕೊಳ್ಳದೆ ಎದುರಿಗೇ ಕೂತರು.

ಗಿರಿಜಕ್ಕನ ಧ್ವನಿ ಸ್ವಲ್ಪ ಇಳಿಯಿತು. "ನನಗೇನ್ ನಮ್ಮವ್ವನ ಕಾಲು ಬ್ಯಾಡಾಗಿತ್ತೇನ? ಚೆಂದಾವು ಬೇಕಂತ ಒಂದು ಮಾತ್ ಹೇಳಿದ್ರ ನಾನೂ ಒಂದ್ ಜೋಡಿ ತರ್ತಿದ್ನೆಪ್ಪ."

"ತರ್ರಿ ಅಕ್ಕಾರ. ಈಗೂ ತರ್ರಿ. ಎಷ್ಟನೇ ನಂಬರಿಂದು ತರ್ತೀರಿ?"

ಗಿರಿಜಕ್ಕ ಚಹಾದ ಲೋಟ ಎತ್ತಿಕೊಂಡರು. ಅವರು ಆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು, ಆ ಕಾಲ ಮೇಲೆ ಮಲಗಿ ಎಣ್ಣೆ ನೀರು ಹಾಕಿಸಿಕೊಂಡು ಬೆಳೆದವರು. ಲೋಟ ಖಾಲಿಯಾಗುವವರೆಗೂ ತಾಯಿಯ ಪಾದವನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

ಓದುತ್ತಿರುವ ನೀವು ನಗಬೇಡಿ. ಫೋನ್ ಮಾಡಿ ಕೇಳಿಕೊಳ್ಳದೆ, ಕೂತಲ್ಲೇ ಹೇಳಿ: ನಿಮ್ಮ ತಾಯಿಯ ಚಪ್ಪಲಿ ನಂಬರ್ ಎಷ್ಟು?