ಕಾರಣವನ್ನೂ ಬರೆದೆ

ಆ ದಿನ ಬೆಳಿಗ್ಗೆ ನಳ ಬಂದಿತ್ತು. ನಳ ಬರುವ ದಿನ ನಮ್ಮ ಬಸವಕಲ್ಯಾಣದ ಹೆಂಗಸರಿಗೆ ದೇವರ ನೆನಪೂ ತುಸು ತಡವಾಗಿಯೇ ಆಗುತ್ತದೆ. ಕೊಡ, ಬಕೀಟು, ಡ್ರಮ್ಮು, ಕೊನೆಗೆ ಚಹಾ ಕಾಸುವ ಪಾತ್ರೆಯನ್ನೂ ತುಂಬಿಟ್ಟು, ಸೀರೆಯ ಒದ್ದೆ ಅಂಚು ಹಿಂಡಿಕೊಂಡು ನಾನು ರೊಟ್ಟಿ ಬಡಿಯಲು ಕೂತೆ. ನಮ್ಮವರು ಪೂಜೆ ಮುಗಿಸಿ ಹಾರ್ಡ್‌ವೇರ್ ಅಂಗಡಿಯ ಕೀಲಿಕೈ ಹುಡುಕುತ್ತಿದ್ದರು. ಅದು ಎಂದಿನಂತೆ ಅವರ ಅಂಗಿಯ ಕಿಸೆಯಲ್ಲೇ ಇತ್ತು. ಅವರು ಎರಡು ಕೋಣೆ ಹುಡುಕಿ ಬರಲಿ ಎಂದು ನಾನೂ ಎಂದಿನಂತೆ ಸುಮ್ಮನಿದ್ದೆ. ಹದಿನೈದು ವರ್ಷದ ಸಂಸಾರದಲ್ಲಿ ಇಷ್ಟಾದರೂ ಮನರಂಜನೆ ಬೇಡವೇ, ನೀವೇ ಹೇಳಿ.

ಗೋಡೆಯಾಚೆ ಮೆಹರು ಆಪಾ ಕೆಮ್ಮಿದರು. ಅದು ನನ್ನನ್ನು ಕರೆಯುವ ರೀತಿ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಅದರ ಮೇಲಿಂದ ಒಂದು ಹಿಡಿ ಪುದೀನ ಚಾಚಿ, ಆ ದಿನಗಳಲ್ಲಿ ಬೆಳಿಗ್ಗೆ ತಪ್ಪದೆ ಕೇಳುತ್ತಿದ್ದ ಮಾತನ್ನೇ ಕೇಳಿದರು.

"ವೈನಿ, ಇವತ್ತರ ಟಪಾಲ್‌ದವ ಬರ್ತಾನಂತೀರೇನು?"

"ಬರ್ತಾನ ಆಪಾ. ಇಷ್ಟ ದಿನದಾಗ ಜವಾಬು ಕೊಡಬೇಕಂತ ಕಾನೂನೇ ಅದ."

"ದಿಲ್ಲಿಯವ್ರಿಗಿ ಗೊತ್ತದೋ ಇಲ್ಲೋ ಆ ಕಾನೂನು?" ಎಂದು ನಕ್ಕು ಒಳಗೆ ಹೋದರು.

ಅವರು ಕಾಯುತ್ತಿದ್ದ ಟಪಾಲು ಯಾವುದೆಂದು ಹೇಳದೆ ಮುಂದೆ ಹೋದರೆ ನಿಮಗೆ ಅನ್ಯಾಯವಾಗುತ್ತದೆ. ಆಪಾ ಅವರ ಯಜಮಾನರು ಸಲೀಂ ಭಾಯಿ. ಹುಮನಾಬಾದಿನ ಹೈವೇ ಪಕ್ಕದಲ್ಲಿ ಅವರದೊಂದು ರೇಡಿಯೇಟರ್ ರಿಪೇರಿ ಅಂಗಡಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನನ್ನ ತವರೂ ಹುಮನಾಬಾದೇ. ಬೇಸಿಗೆಯಲ್ಲಿ ಅಪ್ಪನ ಜೀಪು ಕುದ್ದು ನಿಂತಾಗ ಅವರ ಅಂಗಡಿಗೇ ತಳ್ಳಿಕೊಂಡು ಹೋಗುತ್ತಿದ್ದೆವು. ರೇಡಿಯೇಟರನ್ನು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಕಡೆ ಬೆರಳಿಟ್ಟು, "ಇಲ್ಲಿ ಅದ ನೋಡ್ರಿ ಸಾವಕಾರ್ರ, ಬೀಮಾರಿ" ಎನ್ನುತ್ತಿದ್ದರು. ತೊಂಬತ್ತರ ದಶಕದಲ್ಲಿ ಮದುವೆಯಾಗಿ ನಾನು ಈ ಮನೆಗೆ ಬಂದಾಗ, ಗೋಡೆಯಾಚೆ ಇರುವವರು ಇವರೇ ಎಂದು ತಿಳಿಯಿತು. ತವರಿನ ಒಂದು ತುಂಡು ನನಗಿಂತ ಮುಂಚೆ ಬಂದು ನನ್ನ ಹಾದಿ ಕಾಯುತ್ತಾ ಕೂತಿದೆ ಅನ್ನಿಸಿತ್ತು.

ಹೈವೇ ಪಕ್ಕದ ಅಂಗಡಿ ಅಂದ ಮೇಲೆ ಯಾವ ಯಾವ ರಾಜ್ಯದ ಲಾರಿಗಳೋ ಬಂದು ನಿಲ್ಲುತ್ತವೆ. ಒಮ್ಮೆ ದೂರದ ಒಂದು ನಗರದಲ್ಲಿ ಬಾಂಬು ಸಿಡಿದ ಮೇಲೆ ಪೊಲೀಸರು ಯಾವುದೋ ಲಾರಿಯ ಡ್ರೈವರನನ್ನು ಹಿಡಿದರಂತೆ. ಅವನ ಕಿಸೆಯಲ್ಲಿ ಸಲೀಂ ಭಾಯಿಯ ಅಂಗಡಿಯ ಚೀಟಿ ಸಿಕ್ಕಿತಂತೆ. ಜೀಪೊಂದು ಬಂದು ಇವರನ್ನು ಕರೆದುಕೊಂಡು ಹೋಯಿತು. ಎರಡು ದಿನ ಕೂರಿಸಿ, ಕೇಳಬೇಕಾದ್ದು ಕೇಳಿ, ಬಸ್ ಚಾರ್ಜು ಕೊಟ್ಟು ಕಳಿಸಿದರು. ಕೇಸಿಲ್ಲ, ಕೋರ್ಟಿಲ್ಲ. ಆದರೆ ಜೀಪು ಹತ್ತಿದ್ದನ್ನು ಕಂಡಷ್ಟು ಜನ ಬಸ್ಸಿನಿಂದ ಇಳಿದದ್ದನ್ನು ಕಾಣಲಿಲ್ಲ.

ಅವರ ಮಗಳು ಶಾಹೀನಳ ಸಂಬಂಧ ಹುಲಸೂರಿನ ಒಂದು ಮನೆಯಲ್ಲಿ ಆಗಲೇ ಗಟ್ಟಿಯಾಗಿತ್ತು. ಹುಡುಗನ ತಂದೆ ಬಂದು ಚಹಾ ಕುಡಿದು, ಬಹಳ ಮರ್ಯಾದೆಯಿಂದಲೇ, "ಭಾಯಿ, ನಮಗ ನಿಮ್ಮ ಮ್ಯಾಲ ಶಕ್ ಇಲ್ಲ. ಆದ್ರ ಮಂದಿ ಬಾಯಿ ಮುಚ್ಚಲಾಕ ಒಂದ ಕಾಗದ ಬೇಕಾಗ್ಯದ. ನಿಮ್ಮ ಹೆಸರಿನ ಮ್ಯಾಲ ಏನೂ ಇಲ್ಲಂತ ಬರಸಿ ತರ್ರಿ" ಎಂದು ಹೇಳಿ ಹೋದರು. ಠಾಣೆಯವರು, ಅದು ಮೇಲಿನವರ ಕೆಲಸ, ನಮ್ಮಲ್ಲಿ ಏನಿದೆ ಏನಿಲ್ಲ ನಾವು ಹೇಳಲಾಗದು ಅಂದರು. ಮೇಲಿನವರು ಅಂದರೆ ಯಾರು? ದಿಲ್ಲಿಯ ಗುಪ್ತಚರ ಸಂಸ್ಥೆ. ಅವರನ್ನು ಕೇಳುವುದು ಹೇಗೆ?

ಮಾಹಿತಿ ಹಕ್ಕಿನ ಕಾಯಿದೆ ಆಗಷ್ಟೇ ಬಂದಿತ್ತು. ನಮ್ಮವರು ಅದನ್ನು ಪೇಪರಿನಲ್ಲಿ ಓದಿ ಆಪಾಗೆ ಹೇಳಿದರು. ಆಪಾ ನನ್ನನ್ನು ನೋಡಿದರು. "ವೈನಿ, ನೀವು ಕಾನ್ವೆಂಟ್‌ದಾಗ ಕಲ್ತವ್ರು. ಇಂಗ್ಲಿಷ್‌ನಾಗ ಒಂದ ದರಖಾಸ್ತು ಬರದ ಕೊಡ್ರಿ."

ಈ ಮಾತಿಗೆ ನಾನು ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿದ್ದುಕೊಂಡು ಹತ್ತು ವರ್ಷ ಕಲಿತ ಇಂಗ್ಲಿಷು, ಮದುವೆಯಾದ ಮೇಲೆ ಔಷಧಿ ಬಾಟಲಿಯ ಮೇಲಿನ ಚೀಟಿ ಓದುವುದಕ್ಕೆ ಬಿಟ್ಟರೆ ಯಾವುದಕ್ಕೂ ಬಂದಿರಲಿಲ್ಲ. ನಮ್ಮ ಸಿಸ್ಟರ್ ಅರ್ಜಿ ಬರೆಯುವುದನ್ನು ಕಲಿಸುವಾಗ ಬಹಳ ಕಟ್ಟುನಿಟ್ಟು. ಒಂದು ದಿನದ ರಜೆ ಕೇಳಬೇಕಾದರೂ ಜ್ವರ ಯಾವಾಗ ಬಂತು, ಯಾಕೆ ಬಂತು, ಡಾಕ್ಟರು ಏನಂದರು ಎಂದು ಅರ್ಧ ಪುಟ ಬರೆಯಬೇಕು. ಕಾರಣ ಕೊಡದೆ ಕೇಳುವುದು ಒರಟುತನ ಎನ್ನುತ್ತಿದ್ದರು. ನನ್ನ ಜ್ವರಗಳಿಗೆ ತರಗತಿಯಲ್ಲಿ ಯಾವಾಗಲೂ ಹೆಚ್ಚು ಮಾರ್ಕು.

ನಮ್ಮವರು ಅಂಗಡಿಗೆ ಹೋಗುವ ಮುನ್ನ, "ಯಾಕ ಬೇಕಂತ ಬರೀಬ್ಯಾಡ. ಕಾರಣ ಕೊಡೋದು ಬೇಕಾಗಿಲ್ಲಂತ ಕಾಯ್ದೆದಾಗೇ ಅದ. ಏನ್ ಬೇಕು, ಅಷ್ಟೇ ಬರಿ" ಅಂದರು. ಮೊಳೆ, ಸ್ಕ್ರೂ ಮಾರುವವರಿಗೆ ಅರ್ಜಿಯ ಸೊಗಸು ಏನು ತಿಳಿಯುತ್ತದೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಮೂರು ಮಧ್ಯಾಹ್ನ ಕೂತು ಬರೆದೆ. ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳ ಬಗ್ಗೆ ಭಯೋತ್ಪಾದನೆ ತಡೆಯುವ ಸಲುವಾಗಿ ತಮ್ಮ ಸಂಸ್ಥೆ ಮಾಡಿರುವ ಅಸೆಸ್‌ಮೆಂಟು ವರದಿಗಳ ಪ್ರತಿ ಕೊಡಿ, ಅವುಗಳಲ್ಲಿ ಈ ಅರ್ಜಿದಾರನ ಹೆಸರಿದ್ದರೆ ತಿಳಿಸಿ ಎಂದು ಕೇಳಿದ್ದು ಎರಡೇ ಸಾಲಿನಲ್ಲಿ. ಉಳಿದದ್ದೆಲ್ಲ ಕಾರಣ, ಎರಡೂವರೆ ಪುಟ. ಸಲೀಂ ಭಾಯಿ ಎಂಥ ಸಜ್ಜನರು, ಅವರ ಕೈಗುಣ ಎಂಥದು, ಕಾಶ್ಮೀರದ ಕಡೆಯ ಲಾರಿಗಳೂ ಅವರ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತವೆ, ಐದು ಹೊತ್ತಿನ ನಮಾಜು ತಪ್ಪಿಸುವುದಿಲ್ಲ. ಮಗಳ ಸಂಬಂಧ ಹುಲಸೂರಿನ ಇಂಥವರ ಮನೆಯಲ್ಲಿ ಈ ಒಂದು ಕಾಗದಕ್ಕಾಗಿ ನಿಂತಿದೆ ಎಂದು ಹೆಸರು ಹಿಡಿದೇ ಬರೆದೆ. ಮುಚ್ಚುಮರೆ ಇಲ್ಲದ ಮನುಷ್ಯ ಎಂದು ತೋರಿಸಲು ಇನ್ನೊಂದು ಸಾಲನ್ನೂ ಸೇರಿಸಿದೆ. ನಿಜಾಮನ ಆಳ್ವಿಕೆ ಮುಗಿದ ಪೊಲೀಸ್ ಆ್ಯಕ್ಷನ್ ಕಾಲದಲ್ಲಿ ಅವರ ಚಿಕ್ಕಪ್ಪ ಒಬ್ಬರು ಕರಾಚಿಗೆ ಹೋಗಿದ್ದಾರೆ, ಅವರಿಗೂ ಇವರಿಗೂ ಒಂದು ಪತ್ರದ ಸಂಬಂಧವೂ ಇಲ್ಲ.

ಆ ಚಿಕ್ಕಪ್ಪನ ಸಂಗತಿ ಆಪಾ ನನಗೆ ಒಂದು ಮಧ್ಯಾಹ್ನ ಗೋಡೆಗೆ ಒರಗಿ ನಿಂತು, ದನಿ ತಗ್ಗಿಸಿ ಹೇಳಿದ್ದು.

ಸಲೀಂ ಭಾಯಿ ಸಹಿ ಮಾಡಲು ಬಂದಾಗ ಏನು ಬರೆದಿದ್ದೀರಿ ಎಂದು ಕೇಳಿದರು. "ಎಲ್ಲಾ ನಿಮ್ಮ ಬಗ್ಗಿ ಚಲೋನೇ ಬರ್ದೀನಿ ಭಾಯಿ" ಅಂದೆ. ಕೈಯನ್ನು ಪೈಜಾಮಕ್ಕೆ ಒರೆಸಿಕೊಂಡು, ಕಾಗದಕ್ಕೆ ಕಲೆಯಾಗದಂತೆ ಎಚ್ಚರದಿಂದ ಸಹಿ ಮಾಡಿದರು.

ಇನ್ನು ಆ ದಿನಕ್ಕೆ ಮರಳುತ್ತೇನೆ. ಟಪಾಲಿನವನು ಬರಲಿಲ್ಲ. ರೊಟ್ಟಿ ಮುಗಿದು ಪಲ್ಯಕ್ಕೆ ಒಗ್ಗರಣೆ ಹಾಕುವ ಹೊತ್ತಿಗೆ ಶಾಹೀನ ಓಡಿ ಬಂದು, "ಆಂಟಿ, ಅಮ್ಮಿ ಕರಿಯಾಕತ್ತಾಳ" ಅಂದಳು. ಹೋದೆ. ಪಡಸಾಲೆಯ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಸಾದಾ ಅಂಗಿ, ಕಾಲಲ್ಲಿ ಮಾತ್ರ ಪೊಲೀಸರ ಕಂದು ಬೂಟು. ಬಾಗಿಲಲ್ಲಿ ಬೂಟು ಬಿಚ್ಚಲೋ ಬೇಡವೋ ಎಂದು ಯೋಚಿಸಿದ್ದರೆಂದು ಕಾಣುತ್ತದೆ, ಒಂದರ ಲೇಸು ಸಡಿಲವಾಗಿತ್ತು. ತೊಡೆಯ ಮೇಲೆ ನನ್ನ ಅರ್ಜಿಯ ಜೆರಾಕ್ಸು. ನನ್ನ ಅಕ್ಷರವನ್ನು ದೂರದಿಂದಲೇ ಗುರುತು ಹಿಡಿದೆ.

"ದಿಲ್ಲಿಯವ್ರು ಈ ಕಾಯ್ದೆ ನಮಗ ಲಾಗೂ ಆಗಲ್ಲಂತ ಬರದಾರ್ರಿ" ಎಂದರು, ಬೇಸರವೂ ಇಲ್ಲದ ಕೋಪವೂ ಇಲ್ಲದ ದನಿಯಲ್ಲಿ. "ಅವ್ರು ಏನೂ ಕೊಡಾಂಗಿಲ್ಲ. ಆದ್ರ ಯಾರಿವರು, ಯಾಕ ಕೇಳಾಕತ್ತಾರ ನೋಡ್ರಿ ಅಂತ ಇದನ್ನ ನಮಗ ಕಳಿಸ್ಯಾರ. ಇದು ಬರದವ್ರು ನೀವೇನು ಅಕ್ಕೋರ?"

"ಹೌದ್ರಿ."

"ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನೀವೇ ಓದಿ ಕನ್ನಡದಾಗ ಹೇಳ್ರಿ. ಈ ಅಮ್ಮಾರಿಗೂ ತಿಳೀಲಿ."

ಆಪಾ ಚಾಪೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಮನೆಗೆ ಪೊಲೀಸರು ಬಂದಾಗ ಬೇಕೆಂದೇ ಕೈಗೆ ಕೆಲಸ ಕೊಟ್ಟುಕೊಂಡಿದ್ದರೆಂದು ಈಗ ಹೊಳೆಯುತ್ತದೆ. ಒಳಕೋಣೆಯ ಪರದೆಯ ಕೆಳಗೆ ಶಾಹೀನಳ ಪಾದ ಕಾಣುತ್ತಿತ್ತು. ನಾನು ನಿಂತುಕೊಂಡೇ ಓದಿದೆ, ಶಾಲೆಯಲ್ಲಿ ಓದುತ್ತಿದ್ದಂತೆ.

ಸಜ್ಜನಿಕೆಯ ಸಾಲುಗಳು ಸಲೀಸಾಗಿ ಹೋದವು. ಕಾಶ್ಮೀರದ ಲಾರಿಗಳು ಬಂದಾಗ ಆತ ಪೆನ್ನು ತೆಗೆದರು. ನಮಾಜು ಬಂದಾಗ ಏನೋ ಬರೆದುಕೊಂಡರು. ನಾನು ಹೊಗಳಿಕೆ ಎಂದು ಇಟ್ಟ ಒಂದೊಂದು ಮಾತೂ ಆ ಪಡಸಾಲೆಯಲ್ಲಿ ನನ್ನ ಬಾಯಿಂದಲೇ ಹೊರಬಂದು ಬೇರೆಯೇ ಏನೋ ಆಗಿ ನಿಲ್ಲುತ್ತಿತ್ತು. ಇನ್ನೂ ಒಂದು ಹೇಳಿಬಿಡುತ್ತೇನೆ. ಅಷ್ಟೆಲ್ಲದರ ನಡುವೆಯೂ ಒಂದು ವಾಕ್ಯದ ಬಳಿ, ಇದು ಚೆನ್ನಾಗಿ ಬಂದಿದೆ, ಅನ್ನಿಸಿತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹುಲಸೂರಿನ ಹೆಸರು ಓದಿದಾಗ ಪರದೆಯ ಕೆಳಗಿನ ಪಾದ ಹಿಂದೆ ಸರಿಯಿತು. ಕರಾಚಿಯ ಸಾಲನ್ನು ಬಿಟ್ಟು ಮುಂದೆ ಓದಲು ನೋಡಿದೆ. ಆತ ಬೆರಳಿಟ್ಟು, "ಇದೊಂದು ಉಳೀತಲ್ರಿ" ಅಂದರು. ಇಂಗ್ಲಿಷು ಅಷ್ಟಕ್ಕಷ್ಟೇ ಆದರೂ ಕರಾಚಿ ಎಂಬುದು ಯಾವ ಭಾಷೆಯಲ್ಲೂ ಕರಾಚಿಯೇ.

ಓದಿದೆ. ಆಪಾ ಅವರ ಕೈಯಲ್ಲಿನ ಬೆಳ್ಳುಳ್ಳಿ ಅರ್ಧ ಸುಲಿದಲ್ಲೇ ನಿಂತಿತು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

"ಕಾಕಾ ಒಬ್ಬರು ಅಲ್ಲಿ ಅದಾರಂತ ನಮಗ ಗೊತ್ತೇ ಇರಲಿಲ್ಲ. ಹೆಸರೇನ್ರಿ ಅವರದು?"

"ನಾ ಅವರ ಮುಖ ನೋಡಿಲ್ಲ ಸಾಬ್. ಸತ್ತು ಎಷ್ಟು ವರ್ಷಾತೋ ಏನೋ" ಅಂದರು ಆಪಾ.

"ಸತ್ತಿದ್ರ ಸತ್ತಾರಂತ ಬರಕೊಳ್ಳೋಣ. ಹೆಸರು ಹೇಳ್ರಿ."

ನಾನು ನಡುವೆ ಬಾಯಿ ಹಾಕಿದೆ. ಇದು ಅವರು ಹೇಳಿ ಬರೆಸಿದ್ದಲ್ಲ, ನಾನೇ ಸೇರಿಸಿದ್ದು, ದಯವಿಟ್ಟು ಆ ಸಾಲು ಹೊಡೆದು ಹಾಕಿ ಎಂದು ಕೇಳಿಕೊಂಡೆ.

"ಹೊಡದ ಹಾಕಲಾಕ ಬರಾಂಗಿಲ್ಲ ಅಕ್ಕೋರ. ಕೆಳಗ ಸಹಿ ಅವರದದ." ಆಮೇಲೆ ನನ್ನನ್ನು ನೋಡಿ ಕನಿಕರ ಬಂತೋ ಏನೋ, ಎದ್ದು ಲೇಸು ಬಿಗಿದುಕೊಳ್ಳುತ್ತಾ ಹೇಳಿದರು. "ಖರೇ ಹೇಳ್ಬೇಕಂದ್ರ, ಆ ಸಲ ಇವರ್ನ ಕರ್ಕೊಂಡ ಹೋಗಿ ಬಿಟ್ಟ ಮ್ಯಾಲ ನಮ್ಮ ಕಡಿ ಇವರ ಬಗ್ಗಿ ಒಂದ ಕಾಗದಾನೂ ಇರಲಿಲ್ರಿ. ಈಗ ಇದು ಅದ."

ಹುಲಸೂರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡು ಹೋದರು. ಅರ್ಜಿಯಲ್ಲಿ ಹೆಸರಿದ್ದ ಮೇಲೆ ಆ ಮನೆಯವರನ್ನೂ ಕಂಡು ಬರಬೇಕಲ್ಲ.

ನಾನು ಆಪಾ ಎದುರು ಕೂತೆ. "ಒಲಿ ಮ್ಯಾಲ ಏನರ ಇಟ್ಟು ಬಂದೀರೇನು ನೋಡ್ರಿ, ವಾಸನಿ ಬರಾಕತ್ತದ" ಅಂದರು ಅವರು. ನಿಜವಾಗಿಯೂ ನಮ್ಮ ಮನೆಯ ಪಲ್ಯ ಸೀದಿತ್ತು.

ಊಟಕ್ಕೆ ಬಂದ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. "ಯಾಕಂತ ಬರೀಬ್ಯಾಡ ಅಂದಿದ್ನಲ್ಲ" ಎಂದು ಅವರು ರೇಗಿದ್ದರೆ ನಾನೂ ಎರಡು ಮಾತಾಡಿ ಅತ್ತು ಹಗುರಾಗುತ್ತಿದ್ದೆ. ಅವರು ಸೀದ ಪಲ್ಯವನ್ನು ಪೂರ್ತಿ ಉಂಡು, ತಟ್ಟೆಯಲ್ಲಿ ಕೈ ತೊಳೆದು, ಕೀಲಿಕೈಯನ್ನು ಹುಡುಕದೆ ಕಿಸೆಯಿಂದ ನೇರ ತೆಗೆದುಕೊಂಡು ಹೊರಟರು. ಬೈದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಸಂಜೆ ಹುಮನಾಬಾದಿನ ಬಸ್ಸಿಗೆ ಸಲೀಂ ಭಾಯಿ ಮರಳಿದರು. ಬಾಗಿಲಲ್ಲಿ ನನ್ನನ್ನು ಕಂಡು ಎಂದಿನಂತೆ, "ಸಾವಕಾರ್ರು ಅಂಗಡಿ ಮುಂದ ಹಾದು ಹೋದ್ರು ಬಾಯಿ, ತಬಿಯತ್ ಚಲೋ ಅದ" ಎಂದು ಅಪ್ಪನ ಕ್ಷೇಮ ತಿಳಿಸಿ ಒಳಗೆ ಹೋದರು. ಅವರಿಗಿನ್ನೂ ಏನೂ ಗೊತ್ತಿರಲಿಲ್ಲ. ನಾನು ಹಿತ್ತಲಿಗೆ ಹೋಗಿ, ಒಣಗದ ಬಟ್ಟೆಗಳನ್ನೇ ಮುಟ್ಟಿ ಮುಟ್ಟಿ ನೋಡುತ್ತಾ ನಿಂತೆ. ಗೋಡೆಯಾಚೆ ಫೋನು ಹೊಡೆದುಕೊಂಡಿತು. ಸಲೀಂ ಭಾಯಿ ಬಹಳ ಹೊತ್ತು "ಜೀ, ಜೀ" ಎನ್ನುವುದಷ್ಟೇ ಕೇಳಿಸಿತು. ಕೊನೆಗೆ ಸಲಾಮ್ ಹೇಳಿ ಇಟ್ಟರು.

ಕತ್ತಲಾಗುವ ಮುನ್ನ ಮೆಹರು ಆಪಾ ಹಗ್ಗದ ಮೇಲಿನ ಬಟ್ಟೆ ತೆಗೆಯಲು ಹೊರಗೆ ಬಂದರು. ಕಣ್ಣು ಕೆಂಪಗಿದ್ದವು, ಮುಖ ತೊಳೆದಿದ್ದರು.

"ಆಪಾ, ಹುಲಸೂರಿಂದೇನು ಫೋನ್?"

"ಹ್ಞೂಂ. ಅವರ ಮನಿಗೂ ಹೋಗಿದ್ನಂತ ಆ ಸಾಬ್. ಬ್ಯಾಡಂದ್ರು." ಒಂದು ದುಪಟ್ಟಾ ಕೊಡವಿ ಮಡಚಿದರು.

"ಆಪಾ, ನಾ…"

"ಇರ್ಲಿ ಬಿಡ್ರಿ ವೈನಿ." ಬಟ್ಟೆಗೆ ಸಿಕ್ಕಿಸಿದ ಚಿಮಟಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಹಿಡಿದು, ಕೊನೆಯ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಚಿಮಟಗಳನ್ನು ಅಂಗೈಗೆ ತೆಗೆದುಕೊಂಡರು. ಬಾಗಿಲ ಕಡೆ ತಿರುಗಿದವರು ಅಕ್ಕಿ ಬೇಳೆಯ ಮಾತಾಡುವಷ್ಟೇ ಸಲೀಸಾಗಿ ಹೇಳಿದರು.

"ಮುಂದಿನ ಸಲ ತಹಸೀಲ್ ಆಫೀಸಿನ ಮುಂದ ಟೈಪ್ ಮಾಡ್ತಾನಲ್ಲ, ಅವ್ನ ಕಡಿಂದ ಬರಸ್ತೀನಿ. ಅವ್ನಿಗಿ ಇಷ್ಟು ಚಂದ ಬರೀಲಾಕ ಬರಲ್ಲ."