ಕಲ್ನಾರಿನ ಹಗ್ಗ, ಕುಸುಬಿ ಎಣ್ಣೆ

ಕಲ್ನಾರಿನ ಹಗ್ಗ ಕೊಳ್ಳುವವನು ಮೊದಲು ಒಂದು ಎಳೆ ಬಿಚ್ಚಿ ದೀಪಕ್ಕೆ ಹಿಡಿಯಬೇಕು. ಸುಟ್ಟ ಅರಿವೆಯ ವಾಸನೆ ಬಂದರೆ ಅದರಲ್ಲಿ ಹತ್ತಿ ಬೆರೆತಿದೆ ಎಂದು ಅರ್ಥ. ತುಸು ಹತ್ತಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಕಲ್ನಾರು ಹುರಿಗೊಳ್ಳುವುದಿಲ್ಲ. ಆದರೆ ಎಳೆ ಕರ್ರಗಾಗಿ ಉದುರಿಹೋದರೆ ಅದನ್ನು ಮಾರುವವನ ಮುಂದೆಯೇ ಎಸೆದು ಎದ್ದು ಬರಬೇಕು. ಕೆಂಪಗೆ ಕಾದು, ಆರಿದ ಮೇಲೆ ಬೆಳ್ಳಗೆ ಹಾಗೇ ನಿಂತರೆ ಮಾತ್ರ ಚೌಕಾಸಿಗೆ ಕೂರಬೇಕು. ಇದನ್ನು ನನಗೆ ಯಾವ ಗುರುವೂ ಕಲಿಸಲಿಲ್ಲ. ಮುಂಬಯಿಯ ವ್ಯಾಪಾರಿಯೊಬ್ಬ ಮೋಸ ಮಾಡಿ ಕಲಿಸಿದ.

ಗೋಕಾವಿಯಲ್ಲಿ ನಾನು ಶುರು ಮಾಡಿದ್ದು ಪುಂಡಿನಾರಿನ ಹಗ್ಗದಿಂದ. ಎತ್ತಿನ ಮೂಗುದಾರ, ಬಾವಿಯ ಮಿಣಿ, ಇಂಥವು. ಆಮೇಲೆ ಸುತ್ತಲೂ ಪಂಪು ಬಂದವು, ಹತ್ತಿ ಗಿರಣಿಗಳು ಬಂದವು. ಪಂಪಿನಲ್ಲಾಗಲಿ ಉಗಿಯ ವಾಲ್ವಿನಲ್ಲಾಗಲಿ ಒಂದು ಕಂಬಿ ಒಳಗಿನಿಂದ ಹೊರಗೆ ಬರುತ್ತದಲ್ಲ, ಅದು ಹೊರಬರುವ ಬಾಯಿಗೆ ಗ್ಲ್ಯಾಂಡು ಎನ್ನುತ್ತಾರೆ. ಆ ಬಾಯಲ್ಲಿ ಕಂಬಿಯ ಸುತ್ತ ಹಗ್ಗ ತುರುಕಿ ಬಿಗಿಯದಿದ್ದರೆ ನೀರೋ ಉಗಿಯೋ ಹೊರಗೆ ಚಿಮ್ಮುತ್ತದೆ. ಎತ್ತು ಕಟ್ಟುವ ಹಗ್ಗ ಮಾರುತ್ತಿದ್ದವನು ಉಗಿ ಕಟ್ಟುವ ಹಗ್ಗ ಮಾರತೊಡಗಿದೆ. ನೀರಿಗೆ ಪುಂಡಿ ನಡೆಯುತ್ತದೆ, ಹತ್ತಿಯೂ ನಡೆಯುತ್ತದೆ. ಉಗಿಗೆ ಕಲ್ನಾರೇ ಆಗಬೇಕು. ಕೊಯ್ಯುವಾಗ ಬಿಳಿ ಧೂಳು ಹಾರಿ ಗಂಟಲು ಕೆರೆಯುತ್ತಿತ್ತು. ಬೆಲ್ಲ ತಿಂದರೆ ಹೋಗುತ್ತದೆ ಎಂದುಕೊಂಡಿದ್ದೆವು.

ಎರಡನೇ ಮಹಾಯುದ್ಧಕ್ಕೆ ಮುಂಚೆ ಮೂಡಲಗಿಯಲ್ಲಿ ಒಬ್ಬ ಸಾಹುಕಾರನ ಹತ್ತಿ ಗಿರಣಿ ಇತ್ತು. ಪಕ್ಕದಲ್ಲೇ ಅವನದೇ ಎಣ್ಣೆಯ ಗಾಣ. ಇಂಜಿನ್ನು ನಡೆಸುವವನು ಅಂಕಲಗಿಯ ಕಡೆಯ ಹಾಲುಮತದವನು, ಅವನ ಅಪ್ಪ ಇನ್ನೂ ಕುರಿ ಕಾಯುತ್ತಿದ್ದ. ಡ್ರೈವರ ಎಂದು ಕರೆದರೆ ಇವನ ಎದೆ ಉಬ್ಬುತ್ತಿತ್ತು. ಆ ಉಬ್ಬು ಸಾಹುಕಾರನ ಕಣ್ಣಿಗೆ ಬಿದ್ದಿತ್ತು. ಹುಕ್ಕೇರಿಯಿಂದ ಇಂಜಿನ್ನು ಬಲ್ಲ ಇನ್ನೊಬ್ಬನನ್ನು ಕರೆಸಿ, ಕೆಲಸ ಕೊಡದೆ, ಇಂಜಿನ್ ಮನೆಯ ಎದುರಿನ ಕಟ್ಟೆಯ ಮೇಲೆ ದಿನವೂ ಕೂರಿಸುತ್ತಿದ್ದ. ಡ್ರೈವರನಿಗೆ ಕಾಣುವ ಹಾಗೆ ಅವನಿಗೆ ಚಹಾ ಕಳಿಸುತ್ತಿದ್ದ. ಆಳು ಇಟ್ಟುಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ: ಇದಕ್ಕಿಂತ ಅಗ್ಗದ ಚಾಟಿ ಇಲ್ಲ. ಆದರೆ ಇಂಥ ಚಾಟಿ ತಿಂದವನ ಕೈ ಬೇಕಾದ್ದಕ್ಕಿಂತ ಹೆಚ್ಚು ಬಿಗಿಯುತ್ತದೆ.

ಸಾಹುಕಾರ ಬೆಳಿಗ್ಗೆ ಲಿಂಗಪೂಜೆಗೆ ಕೂರುವ ಕೋಣೆ ಇಂಜಿನ್ ಮನೆಯ ಗೋಡೆಗೆ ಹತ್ತಿಕೊಂಡಿತ್ತು. ಬಾಯ್ಲರಿನಿಂದ ಇಂಜಿನ್ನಿಗೆ ಉಗಿ ಬಿಡುವ ದೊಡ್ಡ ವಾಲ್ವಿನ ಗ್ಲ್ಯಾಂಡು ಸೋರಿ ಬುಸ್ ಎನ್ನತೊಡಗಿತು. ಹಾವು ಬಾಜೂಕ ಕುಂತಂಗ ಆಕೈತಿ, ಮನಸ್ಸು ನಿಲ್ಲೂದಿಲ್ಲ ಎಂದು ಸಾಹುಕಾರ ಕೂಗಾಡಿದ. ನಾನು ಹಗ್ಗದ ಗಂಟು ಹೊತ್ತು ಹೋದಾಗ ಡ್ರೈವರನನ್ನು ಎದುರಿಗೆ ನಿಲ್ಲಿಸಿಕೊಂಡಿದ್ದ.

"ಏನಪಾ ಹಗ್ಗದಾಂವ, ಈ ಕುರಿ ಕಾಯೂ ಕೈಗೆ ಒಂದ ಛಲೋ ಹಗ್ಗ ಕೊಡು. ಬರೂ ವಾರ ಬುಸ್ ಅಂತು ಅಂದ್ರ ಇಂವಾ ಮತ್ತ ಕುರಿ ಹಿಂದ, ಆ ಕಟ್ಟಿ ಮ್ಯಾಲಿನಾಂವ ಇಂಜಿನ್ ಮುಂದ."

ಕಟ್ಟೆಯ ಮೇಲಿನವನು ನಕ್ಕ. ಡ್ರೈವರನೂ ನಕ್ಕ. ನಗದಿದ್ದರೆ ಇನ್ನೊಂದು ಮಾತು ಕೇಳಬೇಕಾಗುತ್ತಿತ್ತು.

ಗಿರಣಿಗೆ ಸುಗ್ಗಿಯ ಕಾಲ. ಹಗಲೂ ರಾತ್ರಿ ನಡೆಯುತ್ತಿತ್ತು. ಬಸವಣ್ಣನ ವಾರವೆಂದು ಸೋಮವಾರ ಹೊಲದಲ್ಲಿ ಎತ್ತು ಹೂಡುವುದಿಲ್ಲವಲ್ಲ, ಹಾಗೆ ಅಲ್ಲಿ ಇಂಜಿನ್ನಿಗೂ ಸೋಮವಾರ ಬಿಡುವು. ಉಳಿದ ದಿನ ಆ ವಾಲ್ವು ತೆರೆದದ್ದು ತೆರೆದೇ ಇರುತ್ತಿತ್ತು. ಸೋಮವಾರ ಬಾಯ್ಲರು ತಣ್ಣಗಾದ ಮೇಲೆ ಹಗ್ಗ ತುಂಬಲು ಕೂತೆವು.

ತುಂಬುವುದಕ್ಕೂ ರೀತಿ ಇದೆ. ಹಗ್ಗವನ್ನು ಹಾವಿನ ಸುರುಳಿಯಂತೆ ತುರುಕಬಾರದು. ಕಂಬಿಯಷ್ಟೇ ದಪ್ಪದ ಕೋಲಿಗೆ ಸುತ್ತಿ, ಓರೆಯಾಗಿ ಕೊಯ್ದು, ಬಳೆ ಬಳೆಯಾಗಿ ಇಳಿಸಬೇಕು. ಒಂದು ಬಳೆಯ ತುದಿಗಳು ಕೂಡುವ ಸಂದಿನ ಮೇಲೆ ಇನ್ನೊಂದರ ಸಂದು ಬರಬಾರದು. ನಟ್ಟನ್ನು ಮೊದಲು ಬೆರಳಿಂದಲೇ ಬಿಗಿಯಬೇಕು. ಉಗಿ ಬಿಟ್ಟ ಮೇಲೆ ತುಸು ಜಿನುಗಿ ಅತ್ತರೆ ಅಳಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇಷ್ಟಾದ ಮೇಲೆ ಜಿಡ್ಡಿನ ಪ್ರಶ್ನೆ. ಬೇರೆ ಕಡೆ ಚರಬಿ, ಅಂದರೆ ದನದ ಕೊಬ್ಬು, ಸವರುತ್ತಿದ್ದರು.

"ಚರಬಿ ನಮ್ಮ ಗೇಟಿನೊಳಗ ಬರಾಂಗಿಲ್ಲ," ಎಂದ ಸಾಹುಕಾರ.

"ಬ್ಯಾಡ್ರಿ. ನಾನೂ ಲಿಂಗ ಕಟ್ಟಿದಾಂವನ. ಪೆನ್ಸಿಲ್ಲಿನಾಗ ಇರತೈತಲ್ರಿ, ಆ ಕರಿಸೀಸದ ಪುಡಿ ತಂದೇನಿ, ಅದು ಮಣ್ಣಿನಂಗ ಶುದ್ಧ. ಅದಷ್ಟ ಹಚ್ಚೂಣು."

"ಮುಖಾ ಕರಿ ಮಾಡೂ ಪುಡಿ ಯಾಕ? ಮನಿ ಗಾಣದಾಗ ಕುಸುಬಿ ಎಣ್ಣಿ ಹರ್ಯಾಕತ್ತೈತಿ. ಅದರಾಗ ಅದ್ದು."

"ಕುಸುಬಿ ಎಣ್ಣಿ ಕಾದ್ರ ಅಂಟಾಕೈತ್ರಿ, ಸಾಹುಕಾರ್ರ. ಬಾವ್ಯಾಗ ನೀರ ಎತ್ತೂ ತೊಗಲಿನ ಚೀಲಕ್ಕ ಕಾಸಿ ಬಳೀತಾರಲ್ರಿ, ಒಣಗಿದ ಮ್ಯಾಲ ಉಗುರು ಹಾಕಿದ್ರ ಏಳ್ತೈತೇನು?"

ಸಾಹುಕಾರ ನನ್ನ ಕಡೆ ನೋಡಲೇ ಇಲ್ಲ. "ಡ್ರೈವರ್ರ, ನೀವ ಹೇಳ್ರಿ," ಎಂದ. ಬಹುವಚನ ಹಚ್ಚಿ ಕೇಳುವಾಗಲೇ ಆ ಮನುಷ್ಯನ ಬಗ್ಗೆ ಎಚ್ಚರ ಇರಬೇಕು.

ಡ್ರೈವರ ಕಟ್ಟೆಯ ಕಡೆ ಒಮ್ಮೆ ನೋಡಿದ. "ನಮ್ಮ ಬಂಡಿ ಅಚ್ಚಿಗೂ ಕುಸುಬಿ ಎಣ್ಣೀನ ಹಾಕ್ತೇವ್ರಿ. ಭಾಳ ಛಲೋ ನಡೀತೈತಿ."

ಬಂಡಿಯ ಅಚ್ಚು ಒಲೆಯ ಮೇಲೆ ಕೂರುತ್ತದೆಯೇ? ಕೇಳಲಿಲ್ಲ. ಗಿರಾಕಿ ಒಮ್ಮೆ ಬೇಡ ಎಂದರೆ ಎರಡನೇ ಸಲ ಹೇಳು, ಮೂರನೇ ಸಲ ಹೇಳಿದರೆ ಗೇಟಿನ ಹೊರಗೆ ನಿಂತು ಹೇಳಬೇಕಾಗುತ್ತದೆ. ಬಳೆಗಳನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ ತುಂಬಿದರು. ಬುಸ್ ಎನ್ನಬಾರದಲ್ಲ, ಡ್ರೈವರ ನಟ್ಟು ತಿರುಗಿಸುವ ಪಾನಾಕ್ಕೆ ತೊಲೆಯ ತುಂಡು ಸಿಕ್ಕಿಸಿ, ಮೈಭಾರ ಹಾಕಿ ನಟ್ಟು ಬಿಗಿದ.

ಮರುದಿನ ವಾಲ್ವು ಮೂಕವಾಗಿತ್ತು. ಸಾಹುಕಾರ ಪೂಜೆ ಮುಗಿಸಿ ಬಂದು ಎಣ್ಣೆಯನ್ನು ಹೊಗಳಿದ, ಡ್ರೈವರನನ್ನಲ್ಲ.

ಆ ವಾರದ ಕೊನೆಗೆ ನಾನು ಕಬ್ಬಿನ ತೋಟಗಳ ಪಂಪಿಗೆ ಪುಂಡಿ ಹಗ್ಗ ಕೊಟ್ಟು ಅದೇ ಹಾದಿಯಲ್ಲಿ ಬರುತ್ತಿದ್ದೆ. ಗಿರಣಿಯಿಂದ ಹೆಂಗಸರು ಚೀರುತ್ತ ಹೊರಗೆ ಓಡಿ ಬಂದರು. ಒಳಗೆ ಇಂಜಿನ್ನಿನಿಂದ ಯಂತ್ರ ತಿರುಗಿಸುವ ದೊಡ್ಡ ಪಟ್ಟಾ ಹರಿದು, ಅದರ ತುದಿ ಗೋಡೆಗೂ ಯಂತ್ರಕ್ಕೂ ಬಡಿಯುತ್ತಿತ್ತು. ಇಂಜಿನ್ನು ನಿಲ್ಲಿಸಲು ಡ್ರೈವರ ವಾಲ್ವಿನ ಗಾಲಿಗೆ ಜೋತುಬಿದ್ದಿದ್ದ. ಗಾಲಿ ಕದಲಲಿಲ್ಲ. ಒಳಗೆ ಎಣ್ಣೆ ಬೆಂದು, ಅಂಟಾಗಿ, ಕಲ್ಲಾಗಿ ಕಂಬಿಯನ್ನು ಕಚ್ಚಿ ಹಿಡಿದಿತ್ತು.

"ನಿಲ್ಲಸಲೇ! ಯಂತ್ರಾ ಹೋತು, ಯಂತ್ರಾ!" ಸಾಹುಕಾರ ಬಾಗಿಲಲ್ಲೇ ನಿಂತು ಒದರಿದ. ಕಟ್ಟೆಯ ಮೇಲಿನವನು ಎದ್ದು ನಿಂತಿದ್ದ. ನಿಂತೇ ಇದ್ದ.

ಡ್ರೈವರ ಹಿಡಿತ ಸಡಿಲವಾಗಲೆಂದು ಗ್ಲ್ಯಾಂಡಿನ ನಟ್ಟು ಬಿಚ್ಚತೊಡಗಿದ. ಉಗಿ ತುಂಬಿದಾಗ ಆ ನಟ್ಟಿಗೆ ಕೈ ಹಚ್ಚಬಾರದು. ಗಿರಣಿಯಲ್ಲಿ ದುಡಿಯುವವರು ಇದೊಂದನ್ನು ಮರೆಯಬಾರದು. "ಬ್ಯಾಡೋ!" ಎಂದು ನಾನು ಕೂಗಿದೆ. ಕಲ್ಲಾದ ಬಳೆ ಒಡೆದು ಉಗಿ ಹೊಡೆಯಿತು. ಅವನ ಬಲಗೈಯ ತೊಗಲು ಹಸಿ ಹಸಿಯಾಗಿ ತೋಳಿನಿಂದ ಇಳಿಯಿತು. ಅದೇ ಕೈಯನ್ನು ಎದೆಗೆ ಒತ್ತಿಕೊಂಡು ಎಡಗೈಯಿಂದ ಗಾಲಿ ತಿರುಗಿಸಿ ವಾಲ್ವು ಮುಚ್ಚಿ, ಅಲ್ಲೇ ಕೂತ.

ಸಾಹುಕಾರ ಮೊದಲು ಯಂತ್ರ ನೋಡಿದ, ಆಮೇಲೆ ಹರಿದ ಪಟ್ಟಾ ನೋಡಿದ. ಕೊನೆಗೆ ಡ್ರೈವರನ ಕಡೆ ತಿರುಗಿದ. "ಎಣ್ಣಿ ಛಲೋ ಅಂದಾಂವ ನೀನ ಅಲ್ಲೇನು?"

ಅವನನ್ನು ಬಂಡಿಯಲ್ಲಿ ಅಂಕಲಗಿಗೆ ಕಳಿಸಿದರು. ಹುಕ್ಕೇರಿಯವನು ಕಟ್ಟೆಯಿಂದ ಇಳಿದು ಒಳಗೆ ಬಂದ. ವಾಲ್ವು ನನ್ನ ಕೈಗೆ ಬಂತು. ಹಳೆಯ ಬಳೆಗಳನ್ನು ಉಳಿಯಿಂದ ಕಡಿದು ತೆಗೆದೆ. ಕಂಬಿ ತಿಕ್ಕಿ ಕನ್ನಡಿ ಮಾಡಿದೆ. ಹೊಸ ಕಲ್ನಾರಿಗೆ ಬರೀ ಕರಿಸೀಸ ಸವರಿ ತುಂಬಿದೆ. ಈ ಸಲ ಸಾಹುಕಾರ ಎಣ್ಣೆಯ ಮಾತು ತೆಗೆಯಲಿಲ್ಲ.

ಗಾಯ ಒಣಗಿದ ಮೇಲೆ ಡ್ರೈವರ ಮರಳಿ ಬಂದ. ಅಂದು ಸೋಮವಾರ, ಇಂಜಿನ್ನು ನಿಂತಿತ್ತು, ನಾನೂ ಅಲ್ಲಿದ್ದೆ. ಬಲಗೈಯ ಬೆರಳು ಒಂದಕ್ಕೊಂದು ಹತ್ತಿಕೊಂಡು ಬಾತುಕೋಳಿಯ ಕಾಲಿನಂತಾಗಿದ್ದವು. ಆ ಕೈಯನ್ನು ಧೋತರದ ಮಡಿಕೆಯಲ್ಲಿ ಮುಚ್ಚಿಕೊಂಡಿದ್ದ.

"ಎಡಗೈ ಐತ್ರಿ ಸಾಹುಕಾರ್ರ. ಅವತ್ತ ವಾಲ್ವು ಮುಚ್ಚಿದ್ದೂ ಎಡಗೈಲೇನ. ನನ್ನ ಜಾಗಾ ನನಗ ಕೊಡ್ರಿ."

"ಹೌದಾ? ತಿರಗಸು, ನೋಡೂಣು."

ಅವನು ಕಾಲು ಅಗಲಿಸಿ, ಉಸಿರು ಕಟ್ಟಿ, ಎಡಗೈಯಿಂದ ಗಾಲಿ ಹಿಡಿದು ಬಲ ಹಾಕಿದ. ಗಾಲಿ ಸರ್ರನೆ ತಿರುಗಿ, ಬಿಗಿತಕ್ಕೆ ಸಿದ್ಧನಾಗಿದ್ದ ಅವನು ಮುಗ್ಗರಿಸಿದ. ಹುಕ್ಕೇರಿಯವನು, "ಸಾವಕಾಶ ಕಾಕಾ, ಕುರಿ ಕುತ್ತಿಗಿ ಅಲ್ಲ ಅದು," ಎಂದ. ಡ್ರೈವರ ಸಾವರಿಸಿಕೊಂಡು ಮುಚ್ಚಿದ, ತೆರೆದ, ಮತ್ತೆ ಮುಚ್ಚಿ ತೋರಿಸಿದ. ಮುಖದಲ್ಲಿ ಆಸೆ ಬಂದಿತ್ತು.

ಸಾಹುಕಾರ ಹತ್ತಿರ ಬಂದು ಕಿರುಬೆರಳಿನಿಂದ ಗಾಲಿ ದೂಡಿದ. ಅದು ತಿರುಗಿತು.

"ನೋಡ್ದ್ಯಾ? ಈಗ ನಾನೂ ತಿರಗಸ್ತೇನಿ. ಕಸಾ ಹೊಡಿಯೂ ಮುದುಕೀನೂ ತಿರಗಸ್ತಾಳ. ಇದಕ್ಕ ನೀನ ಯಾಕ ಬೇಕು?"

ನಾನು ನನ್ನ ಗಂಟು ಕಟ್ಟಿಕೊಂಡು ಹೊರಟೆ. ಗೇಟಿನ ಹತ್ತಿರ ಡ್ರೈವರ ಹಿಂದಿನಿಂದ ಬಂದು ನಿಂತ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಅಣ್ಣಾರ, ಅದನ್ನ ಅಷ್ಟ ಹಗೂರ ಯಾಕ ಮಾಡಿದ್ರಿ?"

"ಹಗೂರ ಇದ್ರನ ಅದು ವಾಲ್ವು," ಎಂದೆ. ಅದು ಖರೆ ಮಾತು. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಅವನು ತಲೆಯಾಡಿಸಿ, ಬಲಗೈಯನ್ನು ಮತ್ತೆ ಧೋತರದಲ್ಲಿ ಮುಚ್ಚಿಕೊಂಡು, ಅಂಕಲಗಿಯ ಹಾದಿ ಹಿಡಿದ.